ಮೈದಾನದ ಆಚೆ ಅಂಚು

ಶನಿವಾರ ಬೆಳಗಿನ ನಾಷ್ಟಾ ಮುಗಿಯುತ್ತಲೇ ನಾನು ಸವಣೂರಿನ ನಮ್ಮ ಮನೆಯ ಮಾಳಿಗೆಯ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೆಳಗೆ ನಮ್ಮ ಅಬ್ಬಾ ತೋಟದಿಂದ ಬಂದ ವೀಳ್ಯದೆಲೆಗಳನ್ನು ಆರಿಸುತ್ತ, ಕಟ್ಟು ಕಟ್ಟುತ್ತ ಕೂತಿರುತ್ತಿದ್ದರು. ಮೇಲೆ ನನ್ನ ಎರಡು ಪರದೆಗಳಲ್ಲಿ ಆಸ್ಟ್ರೇಲಿಯಾದ ಒಂದು ಊರಿನ ಮೈದಾನ ತೆರೆದುಕೊಳ್ಳುತ್ತಿತ್ತು. ನಮಗೆ ಬೆಳಿಗ್ಗೆಯಾದರೆ ಅಲ್ಲಿ ಇಳಿಹೊತ್ತು. ಅಲ್ಲಿನ ಮಹಿಳೆಯರ ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದು ತನ್ನ ಪಂದ್ಯಗಳ ವಿಡಿಯೊ ನಮಗೆ ಕಳಿಸುತ್ತಿತ್ತು. ಆಟದಲ್ಲಿ ಏನೇನಾಯಿತೆಂದು ಕ್ಷಣಕ್ಷಣಕ್ಕೂ ಗುರುತು ಹಾಕಿ ಅದೇ ದಿನ ಹಿಂದಿರುಗಿಸುವುದು ನಮ್ಮ ಕೆಲಸ. ಹೋದ ಸೀಸನ್ನಿನ ಕೊನೆಯ ತಿಂಗಳುಗಳಲ್ಲಿ ಈ ಕೆಲಸ ನನ್ನನ್ನು ಹೇಗೆ ಹಣ್ಣು ಮಾಡಿತು ಎಂಬುದಷ್ಟನ್ನೇ ಇಲ್ಲಿ ಹೇಳುತ್ತೇನೆ.

ನಾವು ಮೂವರು ಹೆಂಗಸರು. ನಾನು ಕಾಲೇಜಿನಲ್ಲಿದ್ದಾಗ ಗೋಲ್‌ಕೀಪರ್ ಆಗಿದ್ದವಳು. ಇನ್ನೊಬ್ಬಳು ಹಾನಗಲ್ ತಾಲ್ಲೂಕಿನ ತಿಳವಳ್ಳಿಯ ಸೊಸೆ, ಮದುವೆಗೆ ಮೊದಲು ಕಬಡ್ಡಿ ಆಡುತ್ತಿದ್ದಳು, ಈಗ ತೊಟ್ಟಿಲ ಮಗುವಿನ ತಾಯಿ. ಮೂರನೆಯವಳು ಹಿರೇಕೆರೂರಿನವಳು. ಆಟ ಆಡಿದವಳಲ್ಲ, ಆದರೆ ಪರದೆಯ ಮೇಲಿನ ಒಂದು ಚುಕ್ಕೆಯೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಆಗ ಅವಳ ಮದುವೆಯ ಮಾತುಕತೆ ನಡೆದಿತ್ತು. ಮದುವೆಯಾದ ಮೇಲೂ ಕೆಲಸ ಮಾಡಬಹುದು, ಹೇಗೂ ಮನೆಯಲ್ಲೇ ಕೂತು ಮಾಡುವುದಲ್ಲವೇ ಎಂದು ಗಂಡಿನವರು ಒಪ್ಪಿದ್ದರು. ಆ ಸಂಬಂಧ ಕುದುರಿದ್ದೇ ಈ ಮಾತಿನ ಮೇಲೆ.

ಕೆಲಸ ಹೀಗೆ. ಚೆಂಡು ಒಬ್ಬಳ ಕಾಲಿನಿಂದ ಇನ್ನೊಬ್ಬಳ ಕಾಲಿಗೆ ಹೋದರೆ ಕೀಲಿಮಣೆಯಲ್ಲಿ ಒಂದು ಗುಂಡಿ, ದಾರಿಯಲ್ಲಿ ಎದುರಾಳಿ ಕಸಿದರೆ ಇನ್ನೊಂದು, ಫೌಲ್ ಆದರೆ ಮತ್ತೊಂದು. ಗುಂಡಿ ಒತ್ತಿದ ಮೇಲೆ ಯಾವ ಆಟಗಾರ್ತಿ, ಮೈದಾನದ ಯಾವ ಜಾಗ ಎಂಬುದನ್ನೂ ತುಂಬಬೇಕು. ಪಾಸ್‌ಗಳು ತಿಳವಳ್ಳಿಯವಳ ಪಾಲು. ಗೋಲಿನತ್ತ ಹೊಡೆತ, ಕಾರ್ನರ್, ಫೌಲ್‌ಗಳು ಹಿರೇಕೆರೂರಿನವಳ ಪಾಲು. ಚೆಂಡು ಎದುರಾಳಿಯ ಬಳಿ ಇದ್ದಾಗ ನಮ್ಮವರು ಏನು ಮಾಡಿದರೆಂಬುದನ್ನು ಗುರುತಿಸುವುದು ಮತ್ತು ಇಬ್ಬರ ಕೆಲಸವನ್ನೂ ಮರಳಿ ನೋಡುವುದು ನನ್ನ ಪಾಲು. ಆಟಗಾರ್ತಿಯರನ್ನು ನಾವು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಂಗಿಯ ನಂಬರೇ ಅವರ ಹೆಸರು. ವಾರಗಟ್ಟಲೆ ನೋಡಿದ ಮೇಲೆ ನಂಬರೂ ಬೇಕಾಗುತ್ತಿರಲಿಲ್ಲ. ಓಡುವ ರೀತಿಯಿಂದಲೇ ಗೊತ್ತಾಗುತ್ತಿತ್ತು.

ಆ ಕ್ಲಬ್ಬಿನ ಮೈದಾನ ದೊಡ್ಡ ಸ್ಟೇಡಿಯಮ್ಮೇನಲ್ಲ. ಒಂದು ಬದಿಗೆ ಗಿಡ್ಡ ಕಟ್ಟೆ, ಅದರ ಮೇಲೆ ನಾಲ್ಕು ಸಾಲು ಕುರ್ಚಿ, ಹಿಂದೆ ಕಾರುಗಳು ನಿಲ್ಲುವ ಜಾಗ. ಆ ಕಟ್ಟೆಯ ತುದಿಯಲ್ಲಿ ಕ್ಯಾಮೆರಾ. ಅದನ್ನು ಹೊತ್ತು ತಂದು ನಿಲ್ಲಿಸುವವನು, ವಿಡಿಯೊ ಕಳಿಸುವವನು, ನಾವು ಕಳಿಸಿದ್ದನ್ನು ಕೋಚ್‌ಗೆ ಮುಟ್ಟಿಸುವವನು ಎಲ್ಲ ಒಬ್ಬನೇ, ಕ್ಲಬ್ಬಿನ ವಿಶ್ಲೇಷಕ. ಸೌಮ್ಯ ಮನುಷ್ಯ. ಕರೆ ಮಾಡಿದಾಗಲೆಲ್ಲ ಹಿಂದಿನ ರಾತ್ರಿ ನಿದ್ದೆ ಮಾಡದವನ ಹಾಗೆ ಕಾಣುತ್ತಿದ್ದ.

ಸೀಸನ್ ಅರ್ಧಕ್ಕೆ ಬಂದಾಗ ಹಳೆಯ ಕೋಚ್ ಹೋಗಿ ಹೊಸಬಳು ಬಂದಳು. ಅವಳ ಆಟದ ಪದ್ಧತಿಯೇ ಬೇರೆ. ಚೆಂಡು ಎದುರಾಳಿಗೆ ಸಿಕ್ಕ ಕೂಡಲೇ ಹತ್ತಿರದ ಆಟಗಾರ್ತಿ ನುಗ್ಗಿ ಹೋಗಿ ಅವಳ ಮೇಲೆ ಒತ್ತಡ ಹಾಕಬೇಕು. ಯಾರು ಎಷ್ಟು ಸಲ ಹಾಗೆ ಮಾಡಿದರು ಎಂಬುದು ಅವಳಿಗೆ ಬೇಕು. ಹಾಗಾಗಿ ನಮ್ಮ ಕೀಲಿಮಣೆಗೆ ಒಂದು ಹೊಸ ಗುಂಡಿ ಸೇರಿತು, ‘ಒತ್ತಡ’. ಎದುರಾಳಿಗೆ ಚೆಂಡು ಮುಟ್ಟುವ ಹೊತ್ತಿಗೆ ನಮ್ಮವಳು ಎರಡು ಮೀಟರಿನೊಳಗೆ ಬಂದಿದ್ದರೆ ಒತ್ತಡ ಎಂದು ಗುರುತು ಹಾಕಬೇಕು, ಬಾರದಿದ್ದರೆ ಇಲ್ಲ. ಸಂದೇಹ ಬಂದರೆ ಜಾಗ ಖಾಲಿ ಬಿಡದೆ ನಮ್ಮ ವಿವೇಕಕ್ಕೆ ತೋಚಿದ್ದನ್ನು ತುಂಬಬೇಕು. ಸೂಚನೆಯಲ್ಲಿ ಹಾಗೆಯೇ ಬರೆದಿತ್ತು.

ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ. ಕ್ಯಾಮೆರಾ ಕೆಳಗಿದ್ದರೆ ಮೈದಾನದ ಉದ್ದ ಕಾಣುತ್ತದೆ, ಆಳ ಕಾಣುವುದಿಲ್ಲ. ಈಚೆ ಬದಿಯಲ್ಲಿ ಇಬ್ಬರು ಆಟಗಾರ್ತಿಯರ ನಡುವೆ ಎಷ್ಟು ಅಂತರವಿದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಆಚೆ ಅಂಚಿನಲ್ಲಿ ಒಬ್ಬಳ ಹಿಂದೆ ಒಬ್ಬಳು ನಿಂತರೆ ಇಬ್ಬರೂ ಒಬ್ಬರಿಗೊಬ್ಬರು ಅಂಟಿದಂತೆ ಕಾಣುತ್ತಾರೆ. ಅವರ ನಡುವೆ ಒಂದು ಮೀಟರ್ ಇದ್ದರೂ ಅಷ್ಟೇ, ಆರು ಮೀಟರ್ ಇದ್ದರೂ ಅಷ್ಟೇ. ಕಾಲು ನೋಡಿ ಅಂದಾಜು ಮಾಡೋಣವೆಂದರೆ ಬಿಸಿಲಿನ ಝಳಕ್ಕೆ ಹುಲ್ಲೇ ನೀರಿನಂತೆ ಅಲ್ಲಾಡುತ್ತಿತ್ತು.

ಎರಡು ವಾರವಾದ ಮೇಲೆ ಕ್ಲಬ್ಬು ಒಂದು ಪರೀಕ್ಷೆ ಇಟ್ಟಿತು. ಒಂದೇ ತುಣುಕಿಗೆ ನಾನೂ ತಿಳವಳ್ಳಿಯವಳೂ ಬೇರೆ ಬೇರೆ ಕೂತು ಗುರುತು ಹಾಕಿ ಕಳಿಸಬೇಕು, ಎರಡನ್ನೂ ಹೋಲಿಸುತ್ತಾರೆ. ಈಚೆ ಬದಿಯಲ್ಲಿ ನಮ್ಮಿಬ್ಬರ ಗುರುತುಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಆಚೆ ಅಂಚಿನಲ್ಲಿ ಒಬ್ಬಳು ಹೌದು ಎಂದಲ್ಲಿ ಇನ್ನೊಬ್ಬಳು ಇಲ್ಲ ಎಂದಿದ್ದಳು. ನೀವಿಬ್ಬರೂ ಒಂದೇ ಪಂದ್ಯ ನೋಡಿದ್ದೀರಾ ಎಂದು ವಿಶ್ಲೇಷಕ ಮೆತ್ತಗೆ ಕೇಳಿದ. ತಮಾಷೆಗೆ ಕೇಳಿದ್ದಾದರೂ ನನಗೆ ಮೈ ಉರಿಯಿತು. ಅದೇ ತುಣುಕನ್ನು ನಾನು ಮತ್ತೆ ಮತ್ತೆ ನೋಡಿದೆ. ನನ್ನ ಉತ್ತರವೇ ನೋಡಿದಷ್ಟು ಸಲ ಬದಲಾಗುತ್ತಿತ್ತು.

ತಿಳವಳ್ಳಿಯವಳು ಫೋನು ಮಾಡಿದಾಗ ಅವಳ ದನಿಯಲ್ಲೂ ಅದೇ ಬೇಸರ.

“ಅಕ್ಕಾರ, ನನಗ ಹೌದು ಅನಸ್ತೈತಿ, ನಿಮಗ ಅಲ್ಲ ಅನಸ್ತೈತಿ. ಖರೇ ಯಾವುದು ಅಂತ ಹೇಳೂರು ಯಾರ್ರಿ?”



ಅದೇ ವಾರ ಹದಿನಾಲ್ಕನೇ ನಂಬರಿನವಳ ಸಂಗತಿ ನನ್ನ ಗಮನಕ್ಕೆ ಬಂತು. ಅವಳು ತಂಡದ ಎಡಬದಿಯ ರಕ್ಷಣಾ ಆಟಗಾರ್ತಿ. ಬೆಳಿಗ್ಗೆ ಎಲ್ಲೋ ಚಿಕ್ಕ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಾಳೆಂದು ವಿಶ್ಲೇಷಕ ಒಮ್ಮೆ ಹೇಳಿದ್ದ. ಅವಳ ಒಪ್ಪಂದ ಆ ಸೀಸನ್ನಿಗೆ ಮುಗಿಯುವುದಿತ್ತು. ಹೊಸ ಕೋಚ್ ಬಂದ ಮೇಲೆ ಅವಳ ಒತ್ತಡದ ಲೆಕ್ಕ ತಂಡದಲ್ಲೇ ಕಡಿಮೆ ಬರುತ್ತಿತ್ತು, ಹಾಗಾಗಿ ಪ್ರತಿ ಪಂದ್ಯದಲ್ಲೂ ವಿರಾಮದ ಹೊತ್ತಿಗೆ ಅವಳನ್ನು ಹೊರಗೆ ಕೂರಿಸಿ ಬೇರೊಬ್ಬಳನ್ನು ಇಳಿಸುತ್ತಿದ್ದರು. ಆ ಬೇರೊಬ್ಬಳ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ಆ ಮೈದಾನದಲ್ಲಿ ಗಾಳಿ ಒಂದೇ ಕಡೆಯಿಂದ ಬೀಸುತ್ತದೆ. ಗಾಳಿ ಬೆನ್ನಿಗಿರಲಿ ಎಂದು ನಮ್ಮ ತಂಡ ಸಾಧ್ಯವಾದಾಗಲೆಲ್ಲ ಮೊದಲರ್ಧದಲ್ಲಿ ಪರದೆಯ ಎಡದಿಂದ ಬಲಕ್ಕೆ ಆಡುತ್ತಿತ್ತು. ಹಾಗೆ ಆಡಿದರೆ ತಂಡದ ಎಡಬದಿ ಎಂದರೆ ಕ್ಯಾಮೆರಾಕ್ಕೆ ದೂರದ ಬದಿ. ವಿರಾಮದ ನಂತರ ತಂಡಗಳು ದಿಕ್ಕು ಬದಲಿಸುತ್ತವೆ, ಎಡಬದಿ ಹತ್ತಿರ ಬರುತ್ತದೆ. ಹದಿನಾಲ್ಕನೆಯವಳು ಆಡಿದ್ದು ಹೆಚ್ಚುಕಡಿಮೆ ಬರೀ ದೂರದಲ್ಲಿ. ಅವಳ ಬದಲಿಗೆ ಬಂದವಳು ಆಡಿದ್ದು ಬರೀ ಹತ್ತಿರದಲ್ಲಿ. ದೂರದಲ್ಲಿ ಸಂದೇಹ ಬಂದಾಗ ಎಲ್ಲರ ಕೈಯೂ ‘ಇಲ್ಲ’ದ ಕಡೆಗೇ ಹೋಗುತ್ತದೆ. ಕಾಣದ್ದನ್ನು ಆಯಿತು ಎನ್ನುವುದಕ್ಕಿಂತ ಆಗಲಿಲ್ಲ ಎನ್ನುವುದು ಸುಲಭ. ಆ ಪಂದ್ಯಗಳಲ್ಲಿ ಹದಿನಾಲ್ಕನೆಯವಳು ಒತ್ತಡ ಹಾಕಿದ್ದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ಆಗ ನನಗೆ ಹೇಳಬೇಕಾಗಿದ್ದ ಮಾತು. ಅದನ್ನು ಹೇಳಲು ಒಂದು ಗುಂಡಿ ಇರಲಿಲ್ಲ.

ಬರೀ ಬಾಯಿಮಾತಿನಲ್ಲಿ ಹೇಳಿದರೆ ನೆಪ ಹೇಳುತ್ತಾಳೆ ಎಂದುಕೊಂಡಾರು ಎನಿಸಿತು. ಇಬ್ಬರಿಗೂ ಫೋನು ಮಾಡಿ ಹಾನಗಲ್ಲಿಗೆ ಬರಹೇಳಿದೆ. ಅಲ್ಲಿಯ ಒಂದು ಕಾಲೇಜಿನ ದೈಹಿಕ ಶಿಕ್ಷಕಿ ನನ್ನ ಜೊತೆ ಓದಿದವರು, ಮೈದಾನವನ್ನೂ ಓಡಲು ಕೆಲವು ಹುಡುಗಿಯರನ್ನೂ ಕೊಡಲು ಒಪ್ಪಿದರು. ನಾನು ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಹೋದೆ. ಆ ದಾರಿಯ ಬಸ್ಸು ತಡವಾಗಿ ಬಂತು, ಅದೂ ತುಂಬಿ ಬಂತು. ಹಾನಗಲ್ ಮುಟ್ಟುವವರೆಗೂ ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡನ್ನು ಎದೆಗವಚಿಕೊಂಡು ನಿಂತೇ ಇದ್ದೆ. ಈ ಕೆಲಸದ ಬಗ್ಗೆ ನನಗಿದ್ದ ಸಿಟ್ಟೆಲ್ಲ ಆ ನಿಂತ ಕಾಲುಗಳಿಗೆ ಇಳಿದಿತ್ತು.

ಮೈದಾನದ ಆಚೆ ಅಂಚಿನಲ್ಲಿ ಸುಣ್ಣದ ಪುಡಿಯಿಂದ ಗೆರೆಗಳನ್ನು ಎಳೆದೆವು. ಒಬ್ಬ ಹುಡುಗಿ ಚೆಂಡು ಹಿಡಿದು ನಿಲ್ಲುತ್ತಾಳೆ. ಇನ್ನೊಬ್ಬಳು ಅವಳ ಹಿಂದಿನಿಂದ ಓಡಿ ಬಂದು ಒಮ್ಮೆ ಎರಡು ಮೀಟರಿನ ಗೆರೆಯ ಮೇಲೆ, ಇನ್ನೊಮ್ಮೆ ಐದು ಮೀಟರಿನ ಗೆರೆಯ ಮೇಲೆ ನಿಲ್ಲುತ್ತಾಳೆ. ನನ್ನ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೈದಾನದ ಈಚೆಗೆ, ಆ ಕ್ಲಬ್ಬಿನ ಕಟ್ಟೆಯಷ್ಟೇ ಎತ್ತರದಲ್ಲಿ ಇಟ್ಟು ಚಿತ್ರೀಕರಿಸಿದೆ. ಆಮೇಲೆ ಅದೇ ಓಟವನ್ನು ಕಾಲೇಜಿನ ಮೇಲ್ಛಾವಣಿಯಿಂದ ಚಿತ್ರೀಕರಿಸಿದೆ. ಹುಡುಗಿಯರಿಗೆ ಇದೇನು ಆಟವೋ ತಿಳಿಯಲಿಲ್ಲ. ಆದರೂ ಬಿಸಿಲಲ್ಲಿ ಬೇಸರಿಸದೆ ಓಡಿದರು.

ನೆರಳಿಗೆ ಕೂತು ನೋಡಿದೆವು. ಕೆಳಗಿನಿಂದ ತೆಗೆದದ್ದರಲ್ಲಿ ಎರಡೂ ಓಟ ಒಂದೇ ಬಗೆ ಕಂಡವು. ಯಾವುದು ಎರಡು ಮೀಟರ್, ಯಾವುದು ಐದು ಎಂದು ಓಡಿಸಿದ ನಮಗೇ ಹೇಳಲಾಗಲಿಲ್ಲ. ಮೇಲ್ಛಾವಣಿಯದ್ದರಲ್ಲಿ ಮಗುವೂ ಹೇಳಬಹುದಿತ್ತು.

ಎರಡೂ ತುಣುಕುಗಳನ್ನು ಕಳಿಸಿ ಮರುದಿನ ವಿಶ್ಲೇಷಕನ ಜೊತೆ ಮಾತಾಡಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇದು ತನಗೆ ಮೊದಲ ದಿನದಿಂದ ಗೊತ್ತು ಎಂದ. ಕ್ಯಾಮೆರಾಕ್ಕೆ ಎತ್ತರದ ಕಂಬ ಬೇಕೆಂದು ಸೀಸನ್ ಶುರುವಾಗುವ ಮುಂಚೆಯೇ ಕೇಳಿದ್ದನಂತೆ. ಮೈದಾನ ಕ್ಲಬ್ಬಿನದಲ್ಲ, ಅಲ್ಲಿನ ಪುರಸಭೆಯದು. ಅವರು ಕಂಬಕ್ಕೆ ಅನುಮತಿ ಕೊಡುವುದಿಲ್ಲ, ಕ್ಲಬ್ಬಿನ ಆಡಳಿತದವರು ಮತ್ತೆ ಕೇಳುವ ಗೋಜಿಗೆ ಹೋಗುವುದಿಲ್ಲ. ಇಷ್ಟು ಹೇಳಿ, ಕೋಚ್‌ಗೆ ಮಾತ್ರ ಸಂಖ್ಯೆ ಬೇಕೇ ಬೇಕು, ಏನಾದರೊಂದು ತುಂಬಿ ಕಳಿಸಿ ಎಂದ. ಅವನ ಮೇಲೆ ಸಿಟ್ಟಾಗಲೂ ಆಗಲಿಲ್ಲ. ಗೊತ್ತಿದ್ದೂ ಏನೂ ಮಾಡಲಾಗದವನ ಮುಂದೆ ಸಿಟ್ಟು ಮಾಡಿ ಏನು ಸಿಗುತ್ತದೆ? ಫೋನಿಟ್ಟು ಎದ್ದು ಹೋಗಿ ಅಬ್ಬಾನ ಪಕ್ಕ ಕೂತು ಸುಮ್ಮನೆ ಎಲೆ ಆರಿಸಿದೆ.

ಕೀಲಿಮಣೆಗೆ ಇನ್ನೊಂದು ಗುಂಡಿ ಸೇರಿಸಬೇಕು ಎಂದು ನಾನು ನಿಶ್ಚಯಿಸಿದ್ದು ಅವತ್ತೇ. ಅದರ ಹೆಸರು ‘ಕಾಣದು’. ದೂರದ ಅಂಚಿನಲ್ಲಿ ಅಂತರ ತಿಳಿಯದಿದ್ದಾಗ ಹೌದು ಎಂದೂ ಬೇಡ, ಇಲ್ಲ ಎಂದೂ ಬೇಡ, ಕಾಣದು ಎಂದೇ ಕಳಿಸುವುದು. ಆದರೆ ಇದು ನನ್ನೊಬ್ಬಳ ಕೆಲಸವಲ್ಲ. ಮೂವರೂ ಪರದೆಯ ಮೇಲೆ ಸೇರಿ ಮಾತಾಡಿದೆವು. ತಿಳವಳ್ಳಿಯವಳು ತಟ್ಟನೆ ಒಪ್ಪಿದಳು. ಆ ಪರೀಕ್ಷೆಯಲ್ಲಿ ಸುಳ್ಳು ಒತ್ತಿ ತನಗೂ ಸಾಕಾಗಿದೆ ಎಂದಳು. ಹಿರೇಕೆರೂರಿನವಳು ಒಪ್ಪಲಿಲ್ಲ.

“ಕಾಣಂಗಿಲ್ಲ ಅಂತ ನಾವ ಹೇಳಿದ್ರ, ಹಂಗಾರ ನೀವ್ಯಾಕ ಬೇಕು ಅಂತ ಕೇಳ್ತಾರ್ರಿ ಅಕ್ಕಾರ,” ಎಂದಳು. “ನಿಮಗ ಬ್ಯಾರೆ ಕೆಲಸ ಸಿಕ್ಕೀತು. ನನಗ ಈಗ ಈ ಕೆಲಸ ಹೋಗಬಾರದ್ರಿ. ನಮ್ಮನ್ಯಾಗ ಎಲ್ಲಾ ಇದರ ಮ್ಯಾಲ ನಿಂತೈತಿ.”

ಅವಳ ಮಾತು ಸರಿಯಾಗಿತ್ತು. ಹಾಗೇನೂ ಆಗುವುದಿಲ್ಲ ಎಂದು ಭರವಸೆ ಕೊಡಲು ನನಗೆ ಬಾಯಿ ಬರಲಿಲ್ಲ. ಆ ಗುರುತುಗಳು ನನ್ನ ಪಾಲಿನವು, ಕಳಿಸುವುದು ನನ್ನ ಹೆಸರಿನಲ್ಲಿ, ಬೈಗುಳ ಬಂದರೆ ನನಗೇ ಬರಲಿ ಎಂದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಬೇಡ ಎಂದು ಮಾತ್ರ ಮತ್ತೆ ಹೇಳಲಿಲ್ಲ.

ಮುಂದಿನ ಶನಿವಾರ ‘ಕಾಣದು’ ಸಮೇತ ಪಂದ್ಯ ಕಳಿಸಿದೆ. ಜೊತೆಗೆ ಯಾಕೆ ಹೀಗೆ ಎಂದು ಸ್ಪಷ್ಟವಾಗಿ ವಿವರಿಸಿದ್ದೆ. ಎರಡು ದಿನ ಉತ್ತರವಿಲ್ಲ. ಅಷ್ಟರಲ್ಲಿ ನಮ್ಮ ಓಣಿಯಲ್ಲಿ ಚರಂಡಿಗೆಂದು ಅಗೆದವರು ಇಂಟರ್‌ನೆಟ್ ಕೇಬಲ್ಲನ್ನೂ ಕತ್ತರಿಸಿಬಿಟ್ಟರು. ಅದನ್ನು ಜೋಡಿಸಬೇಕಾದವನು ಈಗ ಬಂದೆ, ಈಗ ಬಂದೆ ಎನ್ನುತ್ತ ಇಡೀ ದಿನ ಕಳೆದ. ಕ್ಲಬ್ಬಿನಿಂದ ಏನು ಬಂದಿದೆಯೋ ಎಂದು ಫೋನಿನಲ್ಲೇ ಮತ್ತೆ ಮತ್ತೆ ನೋಡುತ್ತಿದ್ದೆ.

ಕೊನೆಗೆ ಉತ್ತರ ಬಂತು. ಗುರುತುಗಳನ್ನು ಕೂಡಿಸಿ ಕೋಚ್‌ಗೆ ತೋರಿಸುವ ಸಾಫ್ಟ್‌ವೇರ್‌ಗೆ ‘ಕಾಣದು’ ಎಂದರೆ ಏನೆಂದು ಗೊತ್ತಿರಲಿಲ್ಲ. ಅದು ಅವನ್ನೆಲ್ಲ ಸೊನ್ನೆ ಎಂದು ಎಣಿಸಿತ್ತು. ಮೊದಲೇ ಕಡಿಮೆಯಿದ್ದ ಹದಿನಾಲ್ಕನೆಯವಳ ಲೆಕ್ಕ ನೆಲ ಕಚ್ಚಿತ್ತು. ಕೋಚ್ ಅದನ್ನು ನೋಡಿ ಮುಂದಿನ ಪಂದ್ಯದ ತಂಡದಿಂದಲೇ ಅವಳನ್ನು ಕೈಬಿಟ್ಟಿದ್ದಳು. ನನ್ನ ವಿವರಣೆ ಕೋಚ್‌ವರೆಗೆ ಹೋಗಿರಲೇ ಇಲ್ಲ. ತಾನು ಓದಿದ್ದೆ, ಆದರೆ ಪ್ರಯಾಣದ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ ಎಂದು ವಿಶ್ಲೇಷಕ ಬರೆದಿದ್ದ. ಕ್ಷಮೆ ಕೇಳಿದ್ದ.

ಯಾರಿಗೆ ಅನ್ಯಾಯವಾಗಬಾರದೆಂದು ಇಷ್ಟೆಲ್ಲ ಮಾಡಿದೆನೋ ಅವಳನ್ನೇ ನಾನು ಹೊರಗೆ ಹಾಕಿಸಿದ್ದೆ. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ, ಸವಣೂರು ಎಂಬ ಊರಿದೆ ಎಂದೂ ಗೊತ್ತಿಲ್ಲ. ಆ ಶನಿವಾರ ತಂಡದ ಹೆಸರುಗಳು ಬಂದಾಗ ಹದಿನಾಲ್ಕು ಇರಲಿಲ್ಲ. ಪಂದ್ಯ ಪೂರ್ತಿ ಕೀಲಿಮಣೆಯ ಗುಂಡಿಗಳನ್ನು ಬಡಿಯುತ್ತಲೇ ಇದ್ದೆ. ಅಮ್ಮಿ ಬಾಗಿಲು ತೆರೆದು, ಊಟಕ್ಕೆ ಬರುತ್ತೀಯೋ ಆ ಯಂತ್ರವನ್ನೇ ತಿನ್ನುತ್ತೀಯೋ ಎಂದು ಕೇಳಿ ಹೋದಳು.

ಇನ್ನು ಮಧ್ಯಸ್ಥರ ಮೂಲಕ ಆಗುವುದಲ್ಲ ಎನಿಸಿತು. ಕೋಚ್ ಜೊತೆ ನೇರವಾಗಿ ಮಾತಾಡಬೇಕು, ಇಲ್ಲವಾದರೆ ‘ಒತ್ತಡ’ದ ಕೆಲಸವನ್ನು ನಾವು ಮಾಡುವುದಿಲ್ಲ ಎಂದು ಬರೆದೆ. ಬರೆದು ಕಳಿಸುವ ಮುಂಚೆ ಹಿರೇಕೆರೂರಿನವಳಿಗೆ ಫೋನು ಮಾಡಿದೆ. ಕೇಳಿಸಿಕೊಂಡು, ಕಳಸ್ರಿ ಎಂದಳು, ಅಷ್ಟೇ.

ಕೋಚ್ ಕರೆಗೆ ಬಂದಳು. ಅದೇ ಮೊದಲ ಸಲ ನಾನು ಅವಳ ಮುಖ ನೋಡಿದ್ದು. ಹಿಂದೆ ದೇಶಕ್ಕಾಗಿ ಆಡಿದವಳಂತೆ, ಹಣೆಯ ಮೇಲೆ ಹಳೆಯ ಹೊಲಿಗೆಯ ಗೆರೆ. ಮಾತು ಚುರುಕು, ನಗು ಇಲ್ಲ. ನಾನು ಪೀಠಿಕೆ ಹಾಕದೆ ಹಾನಗಲ್ಲಿನ ಎರಡು ತುಣುಕುಗಳನ್ನು ತೋರಿಸಿದೆ. ಮೊದಲು ಕೆಳಗಿನಿಂದ ತೆಗೆದದ್ದು. ಇದರಲ್ಲಿ ಯಾವುದು ಎರಡು ಮೀಟರ್ ಎಂದು ಕೇಳಿದೆ. ಅವಳು ಮೂಗು ಪರದೆಗೆ ತಾಗುವಷ್ಟು ಬಾಗಿ ನೋಡಿ ಎರಡನೆಯದು ಎಂದಳು. ಎರಡನೆಯದು ಐದು ಮೀಟರಿನದು. ಮೇಲ್ಛಾವಣಿಯಿಂದ ತೆಗೆದದ್ದನ್ನು ತೋರಿಸಿದ ಮೇಲೆ ಅವಳು ಕುರ್ಚಿಗೆ ಒರಗಿದಳು.

“ಹಾಗಾದರೆ ಇಷ್ಟು ವಾರ ನೀವು ನನಗೆ ಕೊಟ್ಟಿದ್ದೇನು?” ಎಂದು ಕೇಳಿದಳು.

“ಹತ್ತಿರದ್ದು ಕಂಡದ್ದು. ದೂರದ್ದು ಊಹೆ. ಖಾಲಿ ಬಿಡಬಾರದು ಎಂದು ನಿಮ್ಮ ಸೂಚನೆ ಇತ್ತು,” ಎಂದೆ.

ಅವಳ ಪಕ್ಕದಲ್ಲಿ ವಿಶ್ಲೇಷಕ ತಲೆ ತಗ್ಗಿಸಿ ಕೂತಿದ್ದ. ಕೋಚ್ ಅವನ ಕಡೆ ತಿರುಗಿ ಕಂಬದ ವಿಷಯ ಕೇಳಿದಳು. ಅವನು ಎಲ್ಲ ಹೇಳಿದ. ತಾನು ಬೆಂಚಿನಲ್ಲಿ ಕೂತು ನೋಡುವುದೂ ನೆಲಮಟ್ಟದಿಂದಲೇ, ಆಚೆ ಅಂಚು ತನಗೂ ಕಾಣುವುದಿಲ್ಲ, ಅದಕ್ಕೇ ಸಂಖ್ಯೆಗಳನ್ನು ನಂಬಿದ್ದು ಎಂದು ಅವಳು ಹೇಳಿದಳು. ಆಮೇಲೆ ನನ್ನನ್ನು ಕೇಳಿದಳು, “ಆ ಹದಿನಾಲ್ಕನೇ ನಂಬರಿನ ಹುಡುಗಿ ಒತ್ತಡ ಹಾಕುತ್ತಾಳೋ ಇಲ್ಲವೋ, ನಿಮಗೇನನ್ನಿಸುತ್ತದೆ?”

ಹೌದು ಎನ್ನಲು ಮನಸ್ಸು ಬಹಳ ಎಳೆಯಿತು. ಗೊತ್ತಿಲ್ಲ ಎಂದೆ.

ಅದಾದ ಒಂದು ನಿಮಿಷದಲ್ಲಿ ಕರೆ ಮುಗಿಯಿತು. ಕೆಲಸ ಉಳಿಯಿತೋ ಹೋಯಿತೋ ತಿಳಿಯದೆ ಕೂತಿದ್ದೆ. ಕೋಚ್ ಪುರಸಭೆಯ ಬಾಗಿಲಿಗೆ ತಾನೇ ಹೋದಳೆಂದು ಆಮೇಲೆ ತಿಳಿಯಿತು. ಕಂಬಕ್ಕೆ ಆಗಲೂ ಒಪ್ಪಿಗೆ ಸಿಗಲಿಲ್ಲವಂತೆ. ಬೀದಿದೀಪ ರಿಪೇರಿಗೆ ಬಳಸುವಂಥ, ಬುಟ್ಟಿಯನ್ನು ಮೇಲಕ್ಕೆತ್ತುವ ವಾಹನವೊಂದನ್ನು ಪಂದ್ಯದ ದಿನ ಕಾರು ನಿಲ್ಲುವ ಜಾಗದಲ್ಲಿ ನಿಲ್ಲಿಸಲು ಒಪ್ಪಿಸಿ ಬಂದಳು. ವಿಶ್ಲೇಷಕ ಕ್ಯಾಮೆರಾ ಹಿಡಿದು ಆ ಬುಟ್ಟಿಯಲ್ಲಿ ಏರಿದ.

ಆ ಶನಿವಾರ ವಿಡಿಯೊ ತೆರೆದಾಗ ಮೂವರೂ ಫೋನಿನಲ್ಲಿ ಒಟ್ಟಿಗೇ ಇದ್ದೆವು. ಮೈದಾನ ಚಾಪೆ ಹಾಸಿದಂತೆ ಪೂರ್ತಿ ಬಿಚ್ಚಿಕೊಂಡಿತ್ತು. ಆಚೆ ಅಂಚಿನ ಬಿಳಿ ಗೆರೆ ಮೊದಲ ಸಲ ಗೆರೆಯಾಗಿ ಕಂಡಿತು. ಅದರಾಚೆ ಒಂದು ಬೇಲಿ, ಬೇಲಿಗೆ ಒರಗಿ ನೋಡುತ್ತಿದ್ದ ಜನ. ಹದಿನಾಲ್ಕನೆಯವಳು ಮತ್ತೆ ಎಡಬದಿಯಲ್ಲಿ ಇದ್ದಳು.

“ಅಕ್ಕಾರ, ಇಷ್ಟು ದಿನಾ ನಾವು ಅರ್ಧಾ ಮೈದಾನ ನೋಡೇವ್ರಿ,” ಎಂದಳು ತಿಳವಳ್ಳಿಯವಳು.

ಹದಿನಾಲ್ಕನೆಯವಳು ಒತ್ತಡ ಹಾಕುತ್ತಿದ್ದಳು, ಆದರೆ ಎಲ್ಲ ಸಲ ಅಲ್ಲ. ನುಗ್ಗಿ ಹೋಗುವುದಕ್ಕಿಂತ ಹೆಚ್ಚಾಗಿ ಎದುರಾಳಿಯ ಪಾಸ್ ಹೋಗುವ ದಾರಿಯಲ್ಲಿ ಮೊದಲೇ ಹೋಗಿ ನಿಲ್ಲುತ್ತಿದ್ದಳು. ಅವಳು ನಿಂತದ್ದು ನೋಡಿ ಎದುರಾಳಿ ಆ ಕಡೆ ಆಡುವುದನ್ನೇ ಬಿಡುತ್ತಿದ್ದಳು. ಹಾಗಾಗಿ ನಮ್ಮ ಯಾವ ಗುಂಡಿಗೂ ಅವಳು ಪೂರ್ತಿ ಸಿಗುವವಳಲ್ಲ. ಇದನ್ನು ನಾನು ಸಂಖ್ಯೆಯ ಜೊತೆ ಎರಡು ಸಾಲಿನಲ್ಲಿ ಬರೆದು ಕಳಿಸಿದೆ. ಉಳಿದ ಪಂದ್ಯಗಳಲ್ಲಿ ಅವಳನ್ನು ವಿರಾಮದಲ್ಲಿ ಹೊರಗೆ ಕೂರಿಸಲಿಲ್ಲ. ಆ ವಾರಗಳಲ್ಲಿ ನಾವು ಮಾಡಿದ ಕೆಲಸ ನಾವು ಮಾಡಿದ್ದರಲ್ಲೆಲ್ಲ ಚೆನ್ನಾಗಿತ್ತು. ಮತ್ತೊಮ್ಮೆ ಪರೀಕ್ಷೆ ಇಟ್ಟಾಗ ನನ್ನ ಮತ್ತು ತಿಳವಳ್ಳಿಯವಳ ಗುರುತುಗಳು ಎರಡೂ ಅಂಚಿನಲ್ಲಿ ಹೊಂದಿಕೊಂಡವು. ‘ಕಾಣದು’ ಗುಂಡಿಗೆ ಬೆರಳು ಹೋಗುವುದೇ ಅಪರೂಪವಾಯಿತು.

ಸೀಸನ್ ಮುಗಿದ ಮೇಲೆ ಕ್ಲಬ್ಬಿನ ಆಡಳಿತದಿಂದ ಸಂದೇಶ ಬಂತು. ಎತ್ತರದಿಂದ ತೆಗೆದ ವಿಡಿಯೊಗಳನ್ನು ಒಂದು ಹೊಸ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದರಂತೆ. ಚಿತ್ರ ಇಷ್ಟು ಸ್ಪಷ್ಟವಿದ್ದರೆ ಆಟಗಾರ್ತಿಯರನ್ನು ಅದೇ ಗುರುತಿಸುತ್ತದೆ, ಅಂತರವನ್ನೂ ಅದೇ ಅಳೆಯುತ್ತದೆ. ಕೆಳಗಿನ ಕ್ಯಾಮೆರಾದ ಚಿತ್ರದಲ್ಲಿ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ಮನುಷ್ಯರ ಕಣ್ಣು ಬೇಕಾಗಿತ್ತು. ಮುಂದಿನ ಸೀಸನ್ನಿನಿಂದ ನಿಮ್ಮ ಸೇವೆಯ ಅಗತ್ಯವಿರುವುದಿಲ್ಲ, ಇಷ್ಟು ದಿನದ ಶ್ರದ್ಧೆಗೆ ವಂದನೆ. ವಿಶ್ಲೇಷಕ ಬೇರೆಯಾಗಿ ಬರೆದಿದ್ದ. ಹದಿನಾಲ್ಕನೆಯವಳ ಒಪ್ಪಂದ ಮುಂದುವರಿದಿದೆ ಎಂದು ಅದರಲ್ಲಿತ್ತು. ನಿಮಗೆ ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ ಎಂದೂ ಇತ್ತು.

ಎರಡನ್ನೂ ಓದಿ ಮುಗಿಸಿದಾಗ ಖುಷಿಯೂ ಸಿಟ್ಟೂ ಒಟ್ಟಿಗೇ ಬಂದವು. ಒಂದನ್ನು ಇನ್ನೊಂದರಿಂದ ಬಿಡಿಸಲಾಗಲಿಲ್ಲ.

ಮೊದಲು ಹಿರೇಕೆರೂರಿಗೆ ಫೋನು ಮಾಡಿದೆ. ಅವಳು ಅತ್ತಾಳು ಎಂದುಕೊಂಡಿದ್ದೆ. “ಗಂಡಿನವರ ಮನ್ಯಾಗ ನಾನ ಹೇಳ್ತೇನಿ ಬಿಡ್ರಿ,” ಎಂದಳು. “ಈ ಕೆಲಸ ಹೋಗೈತಿ, ಇನ್ನೊಂದು ಹುಡುಕಾಕತ್ತೇನಿ ಅಂತ. ಮನ್ಯಾಗ ಕುಂತ ಮಾಡೂದ ಇರಬೇಕು ಅಂದ್ರ ಆಗಂಗಿಲ್ಲ ಅಂತೇನಿ. ಒಪ್ಪಿದ್ರ ಒಪ್ಪಲಿ.” ಅದನ್ನು ಧೈರ್ಯ ತುಂಬಿಕೊಂಡವಳ ಹಾಗೆ ಹೇಳಲಿಲ್ಲ, ಬೇಸತ್ತವಳ ಹಾಗೆ ಹೇಳಿದಳು.

ಸಿಟ್ಟಾದದ್ದು ತಿಳವಳ್ಳಿಯವಳು. ಅಂದು ತಟ್ಟನೆ ಒಪ್ಪಿದವಳು ಅವಳೇ. ನಾನು ಸಂದೇಶ ಓದಿ ಹೇಳುತ್ತಿದ್ದಂತೆ ಫೋನಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಮೂರು ದಿನ ನೋಡಿ, ಬಸ್ಸು ಹತ್ತಿ ತಿಳವಳ್ಳಿಗೇ ಹೋದೆ.

ಗದ್ದೆಯ ಕಡೆಗಿರುವ ಮನೆ. ಅವಳ ಅತ್ತೆ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದರು, ಒಳಗ ಹೋಗ್ರಿ ಎಂದರು. ಅವಳು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಚಹಾ ಮಾಡಿ ತಂದು ಕೊಟ್ಟಳು. ಅವಳು ಕೆಲಸ ಮಾಡುತ್ತಿದ್ದ ಮೇಜಿನ ಮೇಲೆ ಈಗ ಮಗುವಿನ ಬಟ್ಟೆಗಳ ರಾಶಿ ಇತ್ತು. ಚಹಾ ಮುಗಿಯಿತು.

“ನಾವು ಬಾಯಿ ಮುಚ್ಚಿಕೊಂಡ ಸುಮ್ಮನಿದ್ದಿದ್ರ ಇನ್ನೊಂದು ವರ್ಷ ನಡೀತಿತ್ರಿ,” ಎಂದಳು ಅವಳು.

“ನಡೀತಿತ್ತು,” ಎಂದೆ.

“ನಾನೂ ಹೂಂ ಅಂದೇನಿ. ನಿಮ್ಮೊಬ್ಬರದ ತಪ್ಪು ಅನ್ನಾಕ ಬರಂಗಿಲ್ಲ. ಅದಕ್ಕ ಇನ್ನಷ್ಟು ಸಿಟ್ಟು ಬರ್ತೈತ್ರಿ.”

ಮಗು ನನ್ನ ಸ್ಟ್ಯಾಂಡಿನ ಚೀಲದ ದಾರ ಹಿಡಿದು ಎಳೆಯುತ್ತಿತ್ತು. ಏಕೆ ತಂದಿದ್ದೆನೋ ಅದನ್ನು, ಅಭ್ಯಾಸದಿಂದ ಹೆಗಲಿಗೆ ಹಾಕಿಕೊಂಡು ಬಂದಿದ್ದೆ. ಅವಳು ಮಗುವಿನ ಕೈಯಿಂದ ದಾರ ಬಿಡಿಸಿದಳು.

“ಆ ಹದಿನಾಲ್ಕನೇ ನಂಬರಿನಾಕಿ ಮುಂದಿನ ವರ್ಷ ಇರ್ತಾಳೇನ್ರಿ?”

“ಇರ್ತಾಳ. ಒಪ್ಪಂದ ಮುಂದುವರಿಸ್ಯಾರಂತ.”

ಅವಳು ತಲೆ ಆಡಿಸಿದಳು. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತಳು.

“ಅದು ಚಲೋ ಆತ್ರಿ. ಆದ್ರ ನನ್ನ ಸಿಟ್ಟೇನು ಹೋಗಿಲ್ಲ, ಅಕ್ಕಾರ.”

“ಇರಲಿ ಬಿಡವಾ,” ಎಂದೆ. “ನನ್ನದೂ ಹೋಗಿಲ್ಲ.”

ಅವಳು ಒಳಗೆ ಹೋಗಿ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟ ಸದ್ದು ಕೇಳಿಸಿತು. ಉಂಡು ಹೋಗ್ರಿ ಎಂದು ಅಲ್ಲಿಂದಲೇ ಹೇಳಿದಳು. ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅವಳ ಪಕ್ಕ ಕೂತೆ.